ಕಣ್ಣಿನೊಳಗೆ ಕಿಡ್ನಿ ಕಾಣುತ್ತದೆಯೇ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ 'ಆರೋಗ್ಯ ಮತ್ತು ಮೌಢ್ಯ'. ಅಷ್ಟು ಅಗಲದ ವಿಷಯವನ್ನು ಒಂದು ಗಂಟೆಯಲ್ಲಿ ಹೇಳಲು ಹೋದರೆ ಬರೀ ಬೈಗುಳ ಆಗುತ್ತದೆ. ದೆವ್ವ ಬಿಡಿಸುವವನನ್ನು ಬೈದರೆ, ತಾಯತ ಕಟ್ಟುವವನನ್ನು ಬೈದರೆ ನೀವು ಚಪ್ಪಾಳೆ ತಟ್ಟುತ್ತೀರಿ, ನಾನು ಬಸ್ಸು ಹತ್ತುತ್ತೇನೆ. ಅದರಿಂದ ಯಾರಿಗೆ ಏನು ಬಂತು? ಕಾಲೇಜು ಮೆಟ್ಟಿಲು ಹತ್ತಿದವನಿಗೆ ತಾಯತ ನೋಡಿ ನಗುವುದು ಸುಲಭ. ಅದೇ ಹುಡುಗನ ಮುಂದೆ ಬಿಳಿ ಕೋಟು ಹಾಕಿಕೊಂಡ ಒಬ್ಬ ಮನುಷ್ಯ ಟಾರ್ಚು ಹಿಡಿದು, ಗೋಡೆಗೆ ಬಣ್ಣದ ಚಾರ್ಟು ತೂಗುಹಾಕಿ, ನಡುನಡುವೆ ಇಂಗ್ಲಿಷು ಬೆರೆಸಿ ಮಾತಾಡಿದರೆ ಹುಡುಗ ಕೈಕಟ್ಟಿ ನಿಂತುಬಿಡುತ್ತಾನೆ. ಅದಕ್ಕೇ ನಾನು ಒಂದೇ ಒಂದು ವಿದ್ಯೆ ಹಿಡಿದುಕೊಂಡು ಮಾತಾಡುತ್ತೇನೆ. ಕಣ್ಣು ನೋಡಿ ಮೈಯೊಳಗಿನ ಕಾಯಿಲೆ ಹೇಳುವ ವಿದ್ಯೆ. ಇಂಗ್ಲಿಷಿನಲ್ಲಿ ಇದರ ಹೆಸರು ಇರಿಡಾಲಜಿ.

ನೀವು ನೋಡಿರುತ್ತೀರಿ. ಕಲ್ಯಾಣ ಮಂಟಪದಲ್ಲೋ, ಲಾಡ್ಜಿನ ರೂಮಿನಲ್ಲೋ 'ಉಚಿತ ತಪಾಸಣಾ ಶಿಬಿರ' ಅಂತ ಬೋರ್ಡು. ರಕ್ತ ತೆಗೆಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಬಟ್ಟೆ ಬಿಚ್ಚಿಸುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಕಣ್ಣಿಗೆ ಬೆಳಕು ಬಿಡುತ್ತಾರೆ, ಇಲ್ಲವೇ ಕ್ಯಾಮೆರಾ ಹಿಡಿದು ಫೋಟೋ ತೆಗೆದು ಕಂಪ್ಯೂಟರ್ ಪರದೆ ಮೇಲೆ ದೊಡ್ಡದು ಮಾಡುತ್ತಾರೆ. ನಮ್ಮದೇ ಕಣ್ಣು ತಟ್ಟೆಯಗಲ ಕಂಡರೆ ಯಾರಿಗಾದರೂ ದಿಗಿಲೇ. "ನೋಡಿ, ಇಲ್ಲಿ ಚುಕ್ಕೆ ಇದೆ, ಇದು ಕಿಡ್ನಿ ಜಾಗ. ಇಲ್ಲಿ ಗೆರೆ ಒಡೆದಿದೆ, ಇದು ಲಿವರು. ಈಗ ಏನೂ ಅನ್ನಿಸದೇ ಇರಬಹುದು, ಮುಂದೆ ತೊಂದರೆ ಆಗುತ್ತೆ." ಆಮೇಲೆ ಪುಡಿ ಡಬ್ಬ ಹೊರಗೆ ಬರುತ್ತದೆ. ತಪಾಸಣೆ ಉಚಿತ, ಪುಡಿ ಉಚಿತವಲ್ಲ.

ಮೊದಲು ಕಣ್ಣಿನಲ್ಲಿ ಏನಿದೆ ಅಂತ ತಿಳಿದುಕೊಳ್ಳೋಣ. ನಡುವೆ ಇರುವ ಕಪ್ಪು ಚುಕ್ಕಿ ಪಾಪೆ. ಅದು ವಸ್ತುವಲ್ಲ, ಬೆಳಕು ಒಳಗೆ ಹೋಗುವ ತೂತು. ಅದರ ಸುತ್ತ ಇರುವ ಬಣ್ಣದ ಬಳೆಗೆ ಪುಸ್ತಕದಲ್ಲಿ ವರ್ಣಪಟಲ ಅಂತಾರೆ, ಐರಿಸ್ ಅಂತಲೂ ಅಂತಾರೆ. ನಾನು ಬಣ್ಣದ ಬಳೆ ಅಂತಲೇ ಕರೆಯುತ್ತೇನೆ. ಇದು ಸ್ನಾಯು. ಬೆಳಕು ಹೆಚ್ಚಾದರೆ ತೂತು ಕಿರಿದು ಮಾಡುತ್ತದೆ, ಕತ್ತಲಾದರೆ ಅಗಲ ಮಾಡುತ್ತದೆ. ಕಿಟಕಿಗೆ ಪರದೆ ಇದ್ದ ಹಾಗೆ. ಇದಕ್ಕೆ ಅಪ್ಪಣೆ ಕೊಡುವ ನರಗಳು ಮಿದುಳಿನ ಕಡೆಯಿಂದ ಬರುತ್ತವೆ. ಮೂತ್ರಪಿಂಡದಿಂದ ಹೊರಟು ಈ ಬಳೆಯ ಒಂದು ನಿರ್ದಿಷ್ಟ ಜಾಗಕ್ಕೆ ಬಂದು ಚುಕ್ಕಿ ಇಡುವ ನರವನ್ನು ಹೆಣ ಕುಯ್ದು ನೋಡಿದ ಯಾವ ಅಂಗರಚನಾ ಶಾಸ್ತ್ರಜ್ಞನೂ ಇದುವರೆಗೆ ತೋರಿಸಿಲ್ಲ.

ಆದರೆ ಕಣ್ಣೋದುವವರು ಈ ಬಳೆಯನ್ನು ಗಡಿಯಾರದ ಹಾಗೆ ಭಾಗ ಮಾಡಿದ್ದಾರೆ. ಒಂದೊಂದು ಹೋಳಿಗೂ ಒಂದೊಂದು ಅಂಗ. ಆರು ಗಂಟೆಯ ಹತ್ತಿರ ಕಿಡ್ನಿ. ಬಲಗಣ್ಣು ಬಲಮೈಗೆ, ಎಡಗಣ್ಣು ಎಡಮೈಗೆ. ಈ ನಕ್ಷೆಯೂ ಒಂದೇ ಅಲ್ಲ. ಬೇರೆ ಬೇರೆ ಗುರುಗಳು ಬೇರೆ ಬೇರೆ ನಕ್ಷೆ ಬರೆದಿದ್ದಾರೆ, ಅವು ಒಂದಕ್ಕೊಂದು ಹೊಂದುವುದಿಲ್ಲ. ಗ್ರಾಮ ಲೆಕ್ಕಿಗನ ನಕ್ಷೆಯಲ್ಲಿ ನಿಮ್ಮ ಹೊಲ ಕೆರೆಯ ಪಡುವಲಿಗೆ, ಸರ್ವೆಯವನ ನಕ್ಷೆಯಲ್ಲಿ ಮೂಡಲಿಗೆ ಇದ್ದರೆ ನೀವು ಏನು ಮಾಡುತ್ತೀರಿ? ಕಚೇರಿ ಮುಂದೆ ಕೂರುತ್ತೀರಿ. ಹೊಲದ ವಿಷಯದಲ್ಲಿ ಕೇಳುವ ಪ್ರಶ್ನೆಯನ್ನು ಮೈಯ ವಿಷಯದಲ್ಲಿ ಯಾಕೆ ಕೇಳುವುದಿಲ್ಲ?

ಈ ವಿದ್ಯೆ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಇದು ನಮ್ಮ ಪುರಾತನ ಋಷಿಗಳ ಕೊಡುಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ಯೂರೋಪಿನದು. ಹಂಗೇರಿಯಲ್ಲಿ 1826ರಲ್ಲಿ ಹುಟ್ಟಿದ ಇಗ್ನಾಜ್ ಪೆಕ್ಜೆಲಿ ಎಂಬುವನು ಇದರ ಮೂಲಪುರುಷ. ಅವನು ಹುಡುಗನಾಗಿದ್ದಾಗ ಒಂದು ಗೂಬೆ ಹಿಡಿಯಲು ಹೋದನಂತೆ, ಎಳೆದಾಟದಲ್ಲಿ ಗೂಬೆಯ ಕಾಲು ಮುರಿಯಿತಂತೆ, ಆ ಹೊತ್ತಿಗೇ ಅದರ ಕಣ್ಣಿನಲ್ಲಿ ಒಂದು ಕಪ್ಪು ಗೆರೆ ಎದ್ದಿತಂತೆ. ದೊಡ್ಡವನಾಗಿ ವೈದ್ಯನಾದ ಮೇಲೆ ಕಾಲು ಮುರಿದ ಒಬ್ಬ ರೋಗಿಯ ಕಣ್ಣಿನಲ್ಲೂ ಅಂಥದೇ ಗುರುತು ಕಂಡನಂತೆ. ಅಲ್ಲಿಂದ ನಕ್ಷೆ ಬರೆಯಲು ಶುರು. 1880ರ ಸುಮಾರಿಗೆ ಪುಸ್ತಕವೂ ಬಂತು. ನಮ್ಮೂರಲ್ಲಿ ಗೂಬೆ ಕೂಗಿದರೆ ಸಾವು ಅಂತ ಹೆದರುತ್ತಾರೆ, ಅಲ್ಲಿ ಗೂಬೆಯ ಕಾಲು ಮುರಿದರೆ ವೈದ್ಯಶಾಸ್ತ್ರ ಹುಟ್ಟಿತು. ಸ್ವೀಡನ್ನಿನಲ್ಲಿ ನಿಲ್ಸ್ ಲಿಲ್ಯೆಕ್ವಿಸ್ಟ್ ಎಂಬ ಪಾದ್ರಿ, ಕ್ವಿನೈನು ಅಯೋಡಿನ್ನು ನುಂಗಿದ್ದರಿಂದ ತನ್ನ ಕಣ್ಣಿನ ಬಣ್ಣ ತಿರುಗಿತು ಅಂತ ನಂಬಿ 1893ರಲ್ಲಿ ಇನ್ನೊಂದು ಪುಸ್ತಕ ಬರೆದ. ಆಮೇಲೆ ಅಮೆರಿಕಕ್ಕೆ ಹೋಗಿ, ಬರ್ನಾರ್ಡ್ ಜೆನ್ಸನ್ ಎಂಬಾತ ಬಣ್ಣಬಣ್ಣದ ಚಾರ್ಟು ಮಾಡಿ ಲೋಕಕ್ಕೆಲ್ಲ ಹಂಚಿದ. ಪ್ರಕೃತಿ ಚಿಕಿತ್ಸೆಯ ಬೆನ್ನು ಹತ್ತಿ ನಮ್ಮ ದೇಶಕ್ಕೂ ಬಂತು.

ಹುಟ್ಟಿದ್ದು ಎಲ್ಲಾದರೂ ಆಗಲಿ. ಗೂಬೆಯಿಂದ ಹುಟ್ಟಿದ್ದಕ್ಕೇ ಸುಳ್ಳಾಗಬೇಕಿಲ್ಲ. ಸೇಬು ಬಿದ್ದ ಕಥೆಯೂ ಕಥೆಯೇ. ಕೇಳಬೇಕಾದ್ದು ಒಂದೇ: ಪರೀಕ್ಷೆ ಮಾಡಿದ್ದಾರಾ? ಮಾಡಿದ್ದಾರೆ. ಒಂದು ಸಲ ಅಲ್ಲ, ಹಲವು ಸಲ.

1979ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಬಂತು. ಮಾಡಿದ ರೀತಿ ಸ್ವಲ್ಪ ನಿಧಾನವಾಗಿ ಕೇಳಿ, ಇದು ನಿಮಗೂ ಮುಂದೆ ಉಪಯೋಗಕ್ಕೆ ಬರುತ್ತದೆ. 143 ಜನರ ಕಣ್ಣಿನ ಫೋಟೋ ತೆಗೆದರು. ಅವರಲ್ಲಿ 48 ಜನಕ್ಕೆ ಮೂತ್ರಪಿಂಡದ ಕಾಯಿಲೆ ಇತ್ತು, 95 ಜನಕ್ಕೆ ಇರಲಿಲ್ಲ. ಇದ್ದದ್ದು ಇಲ್ಲದ್ದು ರಕ್ತಪರೀಕ್ಷೆಯಿಂದ ಗೊತ್ತಾಗಿತ್ತು. ಫೋಟೋಗಳನ್ನೆಲ್ಲ ಕಲಸಿ ಮೂರು ಜನ ಕಣ್ಣೋದುವವರ ಕೈಗೆ ಕೊಟ್ಟರು. ಯಾರಿಗೆ ಕಾಯಿಲೆ, ಯಾರಿಗೆ ಇಲ್ಲ ಅಂತ ಹೇಳಲಿಲ್ಲ. ಆ ಮೂವರಲ್ಲಿ ಒಬ್ಬ ಮೇಲೆ ಹೇಳಿದ ಜೆನ್ಸನ್ನೇ. ಅಂದರೆ ಬೀದಿ ಬದಿಯ ಅರೆಬರೆ ಕಲಿತವನನ್ನು ಹಿಡಿದು ತಂದು ಸೋಲಿಸಿದ್ದಲ್ಲ, ಗುರುವನ್ನೇ ಕೂರಿಸಿ ಕೇಳಿದ್ದು. ಏನಾಯಿತು? ಮೂವರಲ್ಲಿ ಯಾರೂ ಕಾಯಿಲೆಯವರನ್ನೂ ಆರೋಗ್ಯವಂತರನ್ನೂ ಬೇರೆ ಮಾಡಲಾಗಲಿಲ್ಲ. ಒಬ್ಬಾತ ಆರೋಗ್ಯವಾಗಿದ್ದವರಲ್ಲೇ ನೂರಕ್ಕೆ 88 ಜನಕ್ಕೆ ಕಿಡ್ನಿ ಕೆಟ್ಟಿದೆ ಅಂದ. ಇನ್ನೊಬ್ಬ, ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡಬೇಕಾದಷ್ಟು ಕಿಡ್ನಿ ಕೆಟ್ಟಿದ್ದವರಲ್ಲಿ ನೂರಕ್ಕೆ 74 ಜನಕ್ಕೆ ಏನೂ ಆಗಿಲ್ಲ ಅಂದ.

ಈ ಎರಡು ತಪ್ಪುಗಳನ್ನು ಬೇರೆ ಬೇರೆ ನೋಡಬೇಕು. ಮೊದಲನೆಯವನ ಹತ್ತಿರ ಹೋದರೆ ಗಟ್ಟಿಮುಟ್ಟಾದವನೂ ಹೆದರಿ ಪುಡಿ ಕೊಳ್ಳುತ್ತಾನೆ, ಜೇಬು ಖಾಲಿ. ಎರಡನೆಯವನ ಹತ್ತಿರ ಹೋದರೆ ಸಾಯುವ ಸ್ಥಿತಿಯಲ್ಲಿರುವವನು ನೆಮ್ಮದಿಯಾಗಿ ಮನೆಗೆ ಬರುತ್ತಾನೆ. ಒಂದು ದುಡ್ಡು ತಿನ್ನುತ್ತದೆ, ಇನ್ನೊಂದು ಮನುಷ್ಯನನ್ನೇ ತಿನ್ನುತ್ತದೆ. ಜನ ಮೊದಲನೆಯದನ್ನು ಮಾತ್ರ ಮೋಸ ಅಂತಾರೆ.

ಕಿಡ್ನಿ ಕಷ್ಟದ ಅಂಗ, ಬೇರೆ ಅಂಗವಾಗಿದ್ದರೆ ಹೇಳುತ್ತಿದ್ದರೇನೋ ಅನ್ನಬಹುದು. 1988ರಲ್ಲಿ ಹಾಲೆಂಡಿನಲ್ಲಿ ಪಿತ್ತಕೋಶ ತೆಗೆದುಕೊಂಡು ನೋಡಿದರು. ಪಿತ್ತಕೋಶದಲ್ಲಿ ಕಲ್ಲು ಕಟ್ಟಿ ಉರಿಯೂತವಾಗಿದ್ದ 39 ಜನ, ಅದೇ ವಯಸ್ಸಿನ, ಅದೇ ಲಿಂಗದ, ಆ ಕಾಯಿಲೆ ಇಲ್ಲದ 39 ಜನ. ಆ ದೇಶದ ಹೆಸರಾಂತ ಐದು ಜನ ಕಣ್ಣೋದುವವರಿಗೆ ಬಲಗಣ್ಣಿನ ಚಿತ್ರ ತೋರಿಸಿದರು. ಉತ್ತರ ಸರಿ ಬರಲಿಲ್ಲ ಅನ್ನುವುದು ಹೋಗಲಿ, ಐವರು ಹೇಳಿದ್ದು ಒಬ್ಬರಿಗೊಬ್ಬರಿಗೂ ಹೊಂದಲಿಲ್ಲ. ನಾಣ್ಯ ಚಿಮ್ಮಿದರೂ ಅರ್ಧಕ್ಕೆ ಅರ್ಧ ಸರಿ ಬರುತ್ತಿತ್ತು. 2005ರಲ್ಲಿ ಜರ್ಮನಿಯಿಂದ ಇನ್ನೊಂದು ವರದಿ. 110 ಜನ, ಅವರಲ್ಲಿ ಕ್ಯಾನ್ಸರ್ ಇದ್ದವರು 68. ಕಣ್ಣು ನೋಡಿ ಸರಿಯಾಗಿ ಹೇಳಿದ್ದು ಮೂರು ಜನರದ್ದು. ಉಳಿದ 65 ಜನ ಆ ಕಣ್ಣೋದುವವನನ್ನೇ ನಂಬಿ ಕೂತಿದ್ದರೆ?

ಈಗ ನಿಮ್ಮ ಜೇಬಿನಲ್ಲೇ ಇರುವ ಸಾಕ್ಷಿಗೆ ಬರುತ್ತೇನೆ. ಎಲ್ಲರ ಹತ್ತಿರ ಆಧಾರ್ ಇದೆ. ಅದಿಲ್ಲದೆ ಸ್ಕಾಲರ್‌ಶಿಪ್ ಇಲ್ಲ, ರೇಷನ್ ಇಲ್ಲ. 2010ರಲ್ಲಿ ಈ ನಂಬರು ಕೊಡಲು ಶುರು ಮಾಡಿದಾಗ ಹತ್ತು ಬೆರಳಿನ ಜೊತೆಗೆ ಎರಡು ಕಣ್ಣಿನ ಚಿತ್ರವನ್ನೂ ತೆಗೆದರು. ಆ ಚಿತ್ರ ಯಾವುದರದ್ದು? ಇದೇ ಬಣ್ಣದ ಬಳೆಯದ್ದು. ಯಾಕೆ ತೆಗೆದರು? ಈ ಬಳೆಯ ಎಳೆಗಳ ನೇಯ್ಗೆ ತಾಯಿ ಹೊಟ್ಟೆಯಲ್ಲಿದ್ದಾಗಲೇ ಮೂಡುತ್ತದೆ, ಒಬ್ಬರದ್ದು ಇನ್ನೊಬ್ಬರಿಗೆ ಇಲ್ಲ, ಅವಳಿಜವಳಿಗೂ ಬೇರೆ, ಎಡಗಣ್ಣಿನದ್ದು ಬಲಗಣ್ಣಿಗೂ ಇಲ್ಲ, ದೊಡ್ಡವರಾದ ಮೇಲೆ ಬದಲಾಗುವುದೂ ಇಲ್ಲ. ಕೂಲಿ ಮಾಡಿ, ಕಲ್ಲು ಹೊತ್ತು, ಗಾರೆ ಕಲಸಿ ಬೆರಳಿನ ಗೆರೆ ಸವೆದುಹೋದ ನಮ್ಮ ಅವ್ವಂದಿರ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. (ದುಡಿದವರ ಗುರುತನ್ನೇ ಅಳಿಸಿ, ಆಮೇಲೆ 'ನೀನು ನೀನಲ್ಲ' ಅನ್ನುವ ಯಂತ್ರ! ಅದರ ಬಗ್ಗೆ ಇನ್ನೊಂದು ದಿನ ಮಾತಾಡಬೇಕು.) ಆಗ ಕಣ್ಣು ತೋರಿಸಿ ಅನ್ನುತ್ತಾರೆ. ಕಣ್ಣಿನ ಬಳೆ ಸವೆಯುವುದಿಲ್ಲ ಅಂತ ಅವರಿಗೆ ಗೊತ್ತು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಕಣ್ಣೋದುವವನ ಪ್ರಕಾರ ಮೈಯಲ್ಲಿ ಕಾಯಿಲೆ ಬಂದಾಗ ಈ ಬಳೆಯಲ್ಲಿ ಗುರುತು ಏಳುತ್ತದೆ, ವಾಸಿಯಾದಾಗ ಅಳಿಯುತ್ತದೆ. ಹಾಗಾಗಿದ್ದರೆ ಕಾಮಾಲೆ ಬಂದು ಹೋದವನ ಕಣ್ಣನ್ನು ಯಂತ್ರ ಗುರುತಿಸಬಾರದು. ಹತ್ತು ವರ್ಷದಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಗರ್ಭಕೋಶದ ಆಪರೇಷನ್ ಎಲ್ಲ ಆದ ಹೆಂಗಸಿಗೆ ಹೊಸ ಆಧಾರ್ ಮಾಡಿಸಬೇಕಾಗಿತ್ತು. ಹಾಗಾಗುತ್ತಿಲ್ಲ. ಕಣ್ಣಿಗೇ ಏಟು ಬಿದ್ದರೆ, ಕಣ್ಣಿನದೇ ಕಾಯಿಲೆಯಾದರೆ, ಕೆಲವು ಕಣ್ಣಿನ ಹನಿ ಬಹುಕಾಲ ಹಾಕಿದರೆ ಬಳೆ ಬದಲಾಗುವುದುಂಟು, ಅದು ಬೇರೆ ಮಾತು. ಮಕ್ಕಳದ್ದು ಐದಕ್ಕೆ, ಹದಿನೈದಕ್ಕೆ ಮತ್ತೆ ತೆಗೆಯುತ್ತಾರೆ, ನಿಜ. ಆದರೆ ಮೂವತ್ತು ವರ್ಷದ ಮೇಲೆ ತೆಗೆಸಿದವರದ್ದು ಎಷ್ಟು ಕಾಯಿಲೆ ಬಂದು ಹೋದರೂ ಅದೇ ಹೊಂದುತ್ತದೆ.

ಹಾಗಾದರೆ "ನನಗೆ ಹೇಳಿದ್ದು ಸರಿಯಾಗಿತ್ತಲ್ಲ" ಅನ್ನುವವರು ಯಾಕೆ ಇಷ್ಟು ಜನ? ನನ್ನನ್ನು ಇಲ್ಲಿ ಮೇಜಿನ ಮುಂದೆ ಕೂರಿಸಿ, ಟಾರ್ಚು ಕೊಡಿ. ಹಾಸ್ಟೆಲಿನ ಯಾವ ಹುಡುಗನ ಕಣ್ಣು ನೋಡಿದರೂ ನಾನು ಹೇಳುತ್ತೇನೆ: ನಿನಗೆ ಹೊಟ್ಟೆ ಸರಿಯಿಲ್ಲ, ಗ್ಯಾಸು ಆಗುತ್ತೆ, ಕೆಲವು ರಾತ್ರಿ ನಿದ್ದೆ ಬರಲ್ಲ, ಓದಿದ್ದು ತಲೆಯಲ್ಲಿ ನಿಲ್ಲಲ್ಲ, ಯಾವುದೋ ಒಂದು ಚಿಂತೆ ಕೊರೀತಿದೆ. (ನಗು.) ನೋಡಿ, ನಗುತ್ತಿದ್ದೀರಿ. ಹಾಸ್ಟೆಲ್ ಸಾಂಬಾರು ತಿಂದವನ ಹೊಟ್ಟೆ ಹೇಳಲು ಕಣ್ಣು ಯಾಕೆ ಬೇಕು? ಅಡಿಗೆಮನೆ ನೋಡಿದರೆ ಸಾಕು. ನಡುವಯಸ್ಸಿನ ಕೂಲಿ ಹೆಂಗಸಿಗೆ "ಸೊಂಟ ನೋವು, ಮಂಡಿ ನೋವು, ಸುಸ್ತು" ಅಂದರೆ ಯಾವ ಊರಲ್ಲಿ ತಪ್ಪುತ್ತದೆ? ಸರಿಬಂದದ್ದನ್ನು ಮನಸ್ಸು ಇಟ್ಟುಕೊಳ್ಳುತ್ತದೆ, ತಪ್ಪಿದ್ದನ್ನು ಬಿಟ್ಟುಬಿಡುತ್ತದೆ. ಇನ್ನು 'ಮುಂದೆ ಬರುತ್ತದೆ' ಅನ್ನುವ ಮಾತು ಇದೆಯಲ್ಲ, ಅದು ಎಂದೂ ಸೋಲದ ಮಾತು. ಕಾಯಿಲೆ ಬಂದರೆ ಅವನು ಹೇಳಿದ್ದು ನಿಜವಾಯಿತು. ಬರದಿದ್ದರೆ ಅವನ ಪುಡಿ ತಡೆಯಿತು. ಎರಡು ಕಡೆಯೂ ಗೆಲ್ಲುವವನ ಜೊತೆ ಪಂದ್ಯ ಕಟ್ಟಬಾರದು.

ಇಷ್ಟು ಹೇಳಿ ಜನರನ್ನು ದಡ್ಡರು ಅಂದುಬಿಟ್ಟರೆ ನಮ್ಮ ಕೆಲಸ ಮುಗಿಯಲಿಲ್ಲ. ಜನ ಅಲ್ಲಿಗೆ ಯಾಕೆ ಹೋಗುತ್ತಾರೆ? ಆಸ್ಪತ್ರೆಯಲ್ಲಿ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಬೆಳಗ್ಗೆ ಚೀಟಿ ಮಾಡಿಸಿ ಮಧ್ಯಾಹ್ನದವರೆಗೆ ಕೂತರೆ, ಒಳಗೆ ಅರ್ಧ ನಿಮಿಷ. ಡಾಕ್ಟರು ತಲೆ ಎತ್ತುವುದಿಲ್ಲ, ಮುಟ್ಟುವುದಿಲ್ಲ, "ಏನಮ್ಮಾ" ಅನ್ನುವಾಗಲೇ ಕೈ ಚೀಟಿ ಬರೆಯುತ್ತಿರುತ್ತದೆ. ಮುಟ್ಟದಿರುವುದರ ಹಿಂದೆ ಗಡಿಬಿಡಿ ಇದೆಯೋ ಜಾತಿ ಇದೆಯೋ ಅಂತ ನಮ್ಮವರು ಮನೆಗೆ ಬರುವ ದಾರಿಯಲ್ಲೆಲ್ಲ ಯೋಚಿಸುತ್ತಾರೆ. ಈ ಶಿಬಿರದಲ್ಲಾದರೋ ಕುರ್ಚಿ ಕೊಡುತ್ತಾರೆ. ಬಿಳಿ ಕೋಟಿನವನು ಮುಖಕ್ಕೆ ಮುಖ ಕೊಟ್ಟು, ರೆಪ್ಪೆಯನ್ನು ಕೈಯಿಂದ ಎತ್ತಿ, ಐದು ನಿಮಿಷ ಕಣ್ಣೊಳಗೆ ನೋಡುತ್ತಾನೆ. ಮನೆ ಕಥೆ ಕೇಳುತ್ತಾನೆ. ಕಣ್ಣೆತ್ತಿ ನೋಡಿದರೆ ತಪ್ಪು ಅಂತ ಬೆಳೆದ ಮುದುಕಿಯ ಕಣ್ಣನ್ನು ಒಬ್ಬ ಓದಿದ ಮನುಷ್ಯ ಇಷ್ಟು ಹೊತ್ತು ನೋಡಿದ ಅನ್ನುವುದೇ ಒಂದು ಔಷಧಿ. ಆ ಮುದುಕಿ ಪುಡಿ ಕೊಂಡಳು ಅಂತ ನಾನು ನಗಲಾರೆ. ಆ ಮರ್ಯಾದೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಬೇಕಿತ್ತು. ಅಲ್ಲಿ ಸಿಗದ್ದನ್ನು ಇವನು ಇಲ್ಲಿ ಮಾರುತ್ತಿದ್ದಾನೆ, ಪುಡಿಯ ಜೊತೆಗೆ ಕಟ್ಟಿ.

ಈಗ ನಮ್ಮನ್ನು ನೇರವಾಗಿ ಮುಟ್ಟುವ ಒಂದು ಮಾತು. ಇರಿಡಾಲಜಿಯವರು ಬರೀ ಕಾಯಿಲೆ ಹೇಳುವುದಿಲ್ಲ, ಹುಟ್ಟುಗುಣವನ್ನೂ ಹೇಳುತ್ತಾರೆ. ಕಣ್ಣಿನ ಬಣ್ಣದ ಮೇಲೆ ಮನುಷ್ಯರನ್ನು ಪಂಗಡ ಮಾಡುತ್ತಾರೆ. ನೀಲಿ ಕಣ್ಣಿನವರದ್ದು ಒಂದು ಪ್ರಕೃತಿ, ಕಂದು ಕಣ್ಣಿನವರದ್ದು ರಕ್ತಕ್ಕೆ ಸೇರಿದ ಪ್ರಕೃತಿ, ಬೆರಕೆ ಬಣ್ಣದವರದ್ದು ಪಿತ್ತದ್ದು. ಕಂದು ಕಣ್ಣಿನವರಿಗೆ ಹುಟ್ಟಿನಿಂದಲೇ ರಕ್ತದ ಕಡೆ ದುರ್ಬಲತೆ ಅಂತ ಅವರ ಲೆಕ್ಕ. ಈ ಹಾಲಿನಲ್ಲಿ ಇರುವವರ ಕಣ್ಣುಗಳನ್ನು ಒಂದು ಸಲ ನೋಡಿಕೊಳ್ಳಿ. ಪ್ರಪಂಚದ ಬಹುಪಾಲು ಜನರ ಕಣ್ಣು ಕಂದು. ಯೂರೋಪಿನ ಒಂದು ಮೂಲೆಯಲ್ಲಿ ಕೂತು ತಮ್ಮ ಪಕ್ಕದ ಮನೆಯವರ ಕಣ್ಣಿಗೆ ಮಾಡಿದ ಕಪಾಟಿನಲ್ಲಿ ಏಷ್ಯಾ ಆಫ್ರಿಕಾಗಳನ್ನೆಲ್ಲ ಒಂದೇ ಗೂಡಿಗೆ ತುರುಕಿದರು. ಕಣ್ಣು ಕಂದಾಗುವುದು ಮೆಲನಿನ್ ಎಂಬ ಬಣ್ಣದ ಪದಾರ್ಥ ಹೆಚ್ಚಿದ್ದರಿಂದ. ಅದಕ್ಕೂ ರಕ್ತದ ಬಲಕ್ಕೂ ಸಂಬಂಧವಿಲ್ಲ.

ಹುಟ್ಟಿನಿಂದ ಬಂದ ಗುರುತು ನೋಡಿ ಮನುಷ್ಯನ ಒಳಗುಣ ಹೇಳುವುದು! ಈ ರಾಗ ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಹಣೆ ನೋಡಿ, ಅಂಗೈ ನೋಡಿ, ಮೈಬಣ್ಣ ನೋಡಿ ನಮ್ಮ ಯೋಗ್ಯತೆ ಬರೆದವರನ್ನು ಕಂಡವರು ನಾವು. ವಿಜ್ಞಾನದ ಹೆಸರಿನಲ್ಲೂ ಇದು ನಡೆದಿದೆ. ಬ್ರಿಟಿಷರ ಕಾಲದಲ್ಲಿ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ ಇದ್ದ, 1901ರ ಜನಗಣತಿಯ ಮುಖ್ಯಸ್ಥನೂ ಅವನೇ. ಅವನು ಮೂಗು ಅಳೆದ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ, ಸಪೂರವಾದಷ್ಟೂ ಮೇಲೆ ಅಂತ ಸಿದ್ಧಾಂತ ಕಟ್ಟಿದ. ಇಂಚುಪಟ್ಟಿ ಇದೆ, ಅಂಕಿ ಇದೆ, ದಪ್ಪ ಪುಸ್ತಕ ಇದೆ. ಯಾರು ಇಲ್ಲ ಅನ್ನಬೇಕು?

ಬಾಬಾಸಾಹೇಬರು ಇಲ್ಲ ಅಂದರು. ಹೇಗೆ ಅಂದರು ಅನ್ನುವುದನ್ನು ನೋಡಿ, ನಾನು ಇವತ್ತು ಬಂದದ್ದೇ ಇದನ್ನು ಹೇಳಲು. ಅಸ್ಪೃಶ್ಯರು ಯಾರು ಎಂಬ ಬಗ್ಗೆ 1948ರಲ್ಲಿ ಅವರು ಬರೆದ ಪುಸ್ತಕದಲ್ಲಿ ಒಂದು ಅಧ್ಯಾಯ ಈ ಮೂಗಿನ ಬಗ್ಗೆಯೇ ಇದೆ. ಅಲ್ಲಿ ಅವರು ರಿಸ್ಲೆಗೆ ಶಾಪ ಹಾಕಿ ಮುಗಿಸಲಿಲ್ಲ. ಮೂಗಿನ ಅಳತೆಯ ಪಟ್ಟಿಗಳನ್ನೇ ಎದುರಿಗಿಟ್ಟುಕೊಂಡು, ಪ್ರಾಂತ್ಯ ಪ್ರಾಂತ್ಯವಾಗಿ ಬ್ರಾಹ್ಮಣರ ಅಳತೆಯನ್ನೂ ಅಸ್ಪೃಶ್ಯರ ಅಳತೆಯನ್ನೂ ಹೋಲಿಸಿದರು. ಆ ಅಂಕಿಗಳ ಪ್ರಕಾರವೇ ಇಬ್ಬರೂ ಒಂದೇ ಜನಾಂಗದವರು, ಬ್ರಾಹ್ಮಣ ಆರ್ಯನಾದರೆ ಅಸ್ಪೃಶ್ಯನೂ ಆರ್ಯ, ಅಸ್ಪೃಶ್ಯ ದ್ರಾವಿಡನಾದರೆ ಬ್ರಾಹ್ಮಣನೂ ದ್ರಾವಿಡ ಅಂತ ತೋರಿಸಿದರು. ಎದುರಾಳಿಯ ಇಂಚುಪಟ್ಟಿಯಿಂದಲೇ ಎದುರಾಳಿಯ ಸುಳ್ಳು ಅಳೆದರು. ಕಣ್ಣೋದುವವನ ಮುಂದೆ ನಾವು ಮಾಡಬೇಕಾದ್ದೂ ಇದೇ ಕೆಲಸ. ಜಗಳ ಬೇಡ. "ಸ್ವಾಮಿ, ಹತ್ತು ಜನರನ್ನು ಕರೆತರುತ್ತೇವೆ. ಮಾತಾಡಿಸಬೇಡಿ, ಮುಖ ನೋಡಬೇಡಿ, ಕಣ್ಣಿನ ಚಿತ್ರ ಮಾತ್ರ ನೋಡಿ. ಯಾರಿಗೆ ಅಪೆಂಡಿಕ್ಸ್ ತೆಗೆದಿದೆ ಹೇಳಿ. ಪಕ್ಕದ ಊರಿನ ಇನ್ನೊಬ್ಬ ಕಣ್ಣೋದುವವರಿಗೂ ಅದೇ ಚಿತ್ರ ಕೊಡುತ್ತೇವೆ. ಇಬ್ಬರ ಉತ್ತರವನ್ನೂ ಪಕ್ಕದಲ್ಲಿಟ್ಟು ನೋಡೋಣ." ಇಷ್ಟು ಕೇಳಿ. ಒಪ್ಪಿದರೆ ಒಳ್ಳೆಯದು, ನಮಗೂ ಅವರಿಗೂ ತಿಳಿಯುತ್ತದೆ.

ಇಂಥ ಪರೀಕ್ಷೆ ನಮ್ಮ ನಾಡಿಗೆ ಹೊಸದಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಶೋಧಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ಪರೀಕ್ಷೆಗೆ ಬನ್ನಿ ಅಂದದ್ದಕ್ಕೇ ಎಷ್ಟು ದೊಡ್ಡವರಿಗೆ ಸಿಟ್ಟು ಬಂತು ಅನ್ನುವುದು ಹಿರಿಯರಿಗೆ ನೆನಪಿರುತ್ತದೆ.

ಒಬ್ಬ ಗೆಳೆಯ ಇಲ್ಲಿಗೆ ಬರುವ ಮೊದಲೇ ಕೇಳಿದ: "ಹಾಗಾದರೆ ಕಣ್ಣು ನೋಡಿ ಏನೂ ಗೊತ್ತಾಗಲ್ವಾ? ಡಾಕ್ಟರೂ ಕಣ್ಣು ನೋಡ್ತಾರಲ್ಲ?" ಒಳ್ಳೆಯ ಪ್ರಶ್ನೆ. ಗೊತ್ತಾಗುತ್ತದೆ, ಆದರೆ ಬಣ್ಣದ ಬಳೆಯಲ್ಲಿ ಅಲ್ಲ. ಕಾಮಾಲೆ ಬಂದರೆ ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ, ರಕ್ತದಲ್ಲಿ ಪಿತ್ತದ ಬಣ್ಣ ಹೆಚ್ಚುವುದರಿಂದ. ಎ ಅನ್ನಾಂಗದ ಕೊರತೆಯಾದ ಮಕ್ಕಳಿಗೆ ಮೊದಲು ಇರುಳುಗುರುಡು, ಆಮೇಲೆ ಬಿಳಿಭಾಗದ ಮೇಲೆ ನೊರೆಯಂಥ ಚುಕ್ಕೆ. ಬೀಟೋ ಎಂಬ ಫ್ರೆಂಚ್ ವೈದ್ಯ 1863ರಲ್ಲಿ ಇದನ್ನು ವರ್ಣಿಸಿದ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗದ ಪರದೆಯ ರಕ್ತನಾಳ ಕೆಡಿಸುತ್ತದೆ. ಅದನ್ನು ನೋಡಲು ಹನಿ ಹಾಕಿ ಪಾಪೆ ಅಗಲಿಸಿ ಒಳಗೆ ಬೆಳಕು ಬಿಡಬೇಕು, ಇಲ್ಲವೇ ಅದಕ್ಕೇ ಮಾಡಿದ ಕ್ಯಾಮೆರಾ ಬೇಕು. ಮೊದಮೊದಲು ರೋಗಿಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ದೃಷ್ಟಿ ಹೋಗಿರುತ್ತದೆ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ವರ್ಷಕ್ಕೊಂದು ಸಲ ಈ ಪರೀಕ್ಷೆ ಮಾಡಿಸಿ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು, ಕೊನೆಯ ವರ್ಷಗಳಲ್ಲಿ ಕಣ್ಣೂ ಮಂಜಾಗಿತ್ತು.

ಇವೆಲ್ಲಕ್ಕಿಂತ ನಮ್ಮ ಕೇರಿಗೆ ಹತ್ತಿರದ್ದು ಕೆಳಗಿನ ರೆಪ್ಪೆ. ನಮ್ಮ ಸೂಲಗಿತ್ತಿ ಅಜ್ಜಿಯರು ಬಸುರಿಯ ರೆಪ್ಪೆ ಕೆಳಗೆಳೆದು ನೋಡಿ "ರಕ್ತ ಇಲ್ಲ ಕಣವ್ವ, ಬಿಳಿಚ್ಕೊಂಡಿದೆ" ಅನ್ನುತ್ತಿದ್ದರು. ಆ ಅಜ್ಜಿಗೆ ಚಾರ್ಟು ಇರಲಿಲ್ಲ, ಬೋರ್ಡು ಇರಲಿಲ್ಲ. ಅವಳು ಹೇಳಿದ್ದರಲ್ಲಿ ಕಾರಣ ಇತ್ತು: ರೆಪ್ಪೆಯ ಒಳಚರ್ಮ ತೆಳು, ಕೆಳಗೆ ಹರಿಯುವ ರಕ್ತದ ಕೆಂಪು ಹೊರಗೆ ಕಾಣುತ್ತದೆ, ರಕ್ತ ತೆಳುವಾದರೆ ಕೆಂಪು ಇಳಿಯುತ್ತದೆ. ಡಾಕ್ಟರೂ ಮಾಡುವುದು ಇದನ್ನೇ. ಆದರೆ ಇದಕ್ಕೂ ಮಿತಿ ಇದೆ. ತುಂಬಾ ಇಳಿದಿದ್ದರೆ ರೆಪ್ಪೆ ಹೇಳುತ್ತದೆ, ಸ್ವಲ್ಪ ಇಳಿದಿದ್ದರೆ ಮೋಸ ಮಾಡುತ್ತದೆ. ಆದ್ದರಿಂದಲೇ ಬೆರಳಿಗೆ ಸೂಜಿ ಚುಚ್ಚಿ ಹಿಮೋಗ್ಲೋಬಿನ್ ನೋಡಬೇಕು. ಹೆಂಗಸರಿಗೆ 12, ಬಸುರಿಯಾಗಿದ್ದರೆ 11, ಗಂಡಸರಿಗೆ 13. ಇದಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಎರಡಕ್ಕೆ ಒಬ್ಬರಿಗಿಂತ ಹೆಚ್ಚು.

ತಂಗಿಯರು ಇದನ್ನು ಗಮನವಿಟ್ಟು ಕೇಳಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ತರಗತಿಯಲ್ಲಿ ತೂಕಡಿಕೆ, ತಲೆಸುತ್ತು. ಇದನ್ನು ಮೇಷ್ಟ್ರು ಸೋಮಾರಿತನ ಅಂತಾರೆ, ಮೀಸಲಾತಿಯಲ್ಲಿ ಬಂದವರು ಹೀಗೇ ಅಂತಲೂ ಹಿಂದಿನಿಂದ ಅಂತಾರೆ. ಕಣ್ಣೋದುವವನು ಹುಟ್ಟುದೋಷ ಅಂತಾನೆ. ಇಬ್ಬರೂ ಕಾರಣವನ್ನು ನಿಮ್ಮ ಮೈಯೊಳಗೇ ಇಟ್ಟರು. ಅಡಿಗೆಮನೆಯ ಕಡೆ ಯಾರೂ ನೋಡಲಿಲ್ಲ. ತಟ್ಟೆಯಲ್ಲಿ ಸೊಪ್ಪಿಲ್ಲ, ಕಾಳಿಲ್ಲ, ಮೊಟ್ಟೆ ಇಲ್ಲ, ಮಾಂಸ ಇಲ್ಲ. ಹೊಟ್ಟೆಯಲ್ಲಿ ಜಂತುಹುಳು. ತಿಂಗಳು ತಿಂಗಳು ಮುಟ್ಟಿನಲ್ಲಿ ಹೋಗುವ ರಕ್ತ. ಊಟ ಆದ ತಕ್ಷಣ ಕುಡಿಯುವ ಟೀ ಕೂಡ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಮಾಡುತ್ತದೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಸರ್ಕಾರಿ ಯೋಜನೆ ಇದೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಅಂತ ಹೆದರಿ ಎಷ್ಟೋ ಜನ ಅದನ್ನು ಎಸೆಯುತ್ತಾರೆ. ಕಪ್ಪಾಗುವುದು ಸಹಜ, ಹೆದರಬೇಡಿ. ಊಟದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಆ ಮಾತ್ರೆ ಕಹಿಯಾಗಿದೆ ಅಂತ ಬಿಸಾಕಿ, ದುಡ್ಡು ಕೊಟ್ಟು ತಂದ ಪುಡಿಯನ್ನು ಹಾಲಿನಲ್ಲಿ ಕಲಸುವುದು ಯಾವ ನ್ಯಾಯ?

ರೋಗ ವಾಸಿ ಮಾಡುತ್ತೇವೆ ಅಂತ ಸುಳ್ಳು ಜಾಹೀರಾತು ಕೊಡುವವರಿಗೆ 1954ರಿಂದಲೇ ಒಂದು ಕೇಂದ್ರ ಕಾನೂನು ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದ ಪಟ್ಟಿ ಮಾಡಿದ ಕಾಯಿಲೆಗಳಿಗೆ ಔಷಧಿ ಇದೆ ಅಂತ ಜಾಹೀರಾತು ಕೊಡುವುದು ಅಪರಾಧ. ಶಿಬಿರದ ಕರಪತ್ರ ಸಿಕ್ಕರೆ ಹರಿದು ಬಿಸಾಕಬೇಡಿ, ತಾರೀಕು ಬರೆದು ಇಟ್ಟುಕೊಳ್ಳಿ. ದೂರು ಕೊಡುವಾಗ ಅದೇ ಸಾಕ್ಷಿ.

ಕೊನೆಗೆ ಈ ಕಾಗದದ ವಿಷಯ. ಹಾಸ್ಟೆಲಿನಲ್ಲಿರುವ ಪ್ರತಿಯೊಬ್ಬರಿಗೂ ವರ್ಷಕ್ಕೆ ಎರಡು ಸಲ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಮೋಗ್ಲೋಬಿನ್ ಪರೀಕ್ಷೆ ಆಗಬೇಕು, ಫಲಿತಾಂಶವನ್ನು ಅವರವರ ಕೈಗೆ ಬರೆದು ಕೊಡಬೇಕು, ಮೆನು ಬೋರ್ಡಿನಲ್ಲಿರುವ ಮೊಟ್ಟೆ ಸೊಪ್ಪು ತಟ್ಟೆಗೂ ಬರಬೇಕು ಅಂತ ಇದರಲ್ಲಿ ಬರೆದಿದೆ. ತಾಲ್ಲೂಕು ಸಮಾಜ ಕಲ್ಯಾಣಾಧಿಕಾರಿಗೆ ಒಂದು ಪ್ರತಿ, ಆರೋಗ್ಯಾಧಿಕಾರಿಗೆ ಒಂದು. ಓದಿ ನೋಡಿ, ಸರಿ ಕಂಡರೆ ಸಹಿ ಮಾಡಿ. ಹಿಂದಿನ ಸಾಲಿನವರ ಹತ್ತಿರ ಪೆನ್ನು ಇಲ್ಲ ಅಂತ ಕಾಣುತ್ತೆ, ಮುಂದಿನವರು ಸ್ವಲ್ಪ ದಾಟಿಸಿ.